ಏಳು ವರ್ಷ ಹೊತ್ತ ಅಣ್ಣ, ಲುಂಬಿನಿಯ ಹಾದಿಯಲ್ಲಿ

“ಏಳು ವರ್ಷಗಳ ಕಾಲ, ದಿನಕ್ಕೆರಡು ಬಾರಿ, ಬಿಸಿಲು ಮಳೆಯೆನ್ನದೆ, ಪೋಲಿಯೊ ಪೀಡಿತಳಾದ ತಂಗಿಯನ್ನು ಹೆಗಲ ಮೇಲೆ ಹೊತ್ತು, ಕೋಟೆಯ ನೂರೆಂಟು ಮೆಟ್ಟಿಲು ಹತ್ತಿಳಿದು ಅಕ್ಷರ ಕಲಿಸಿದ ಅಣ್ಣ ನಮ್ಮ ಓಬಳಪ್ಪ. ಇಂಥ ಅಣ್ಣಂದಿರು ಊರಿಗೊಬ್ಬರಿದ್ದರೆ ಯಾವ ಯೋಜನೆಯೂ ಬೇಕಾಗಿಲ್ಲ.”

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ವಿಕಲಚೇತನರ ಹೆಸರಿನಲ್ಲಿ ಎಲ್ಲಿ ಸಭೆ ನಡೆದರೂ ಯಾರಾದರೊಬ್ಬರು ಎದ್ದು ನಿಂತು ಈ ಮಾತನ್ನು ಹೇಳುತ್ತಾರೆ. ನಾನೇ ಏನಿಲ್ಲವೆಂದರೂ ಎಂಟೊಂಬತ್ತು ಸಲ ಕೇಳಿದ್ದೇನೆ. ಊರು ಬದಲಾದಂತೆ ಮೆಟ್ಟಿಲುಗಳ ಸಂಖ್ಯೆಯೂ ಬದಲಾಗುತ್ತದೆ. ಸಿರಾದಲ್ಲಿ ಅವು ಇನ್ನೂರಾಗುತ್ತವೆ. ಕೊರಟಗೆರೆಯಲ್ಲಿ ನಡುವೆ ಒಂದು ತುಂಬಿ ಹರಿಯುವ ಹಳ್ಳವೂ ಸೇರಿಕೊಳ್ಳುತ್ತದೆ. ಓಬಳಪ್ಪನವರ ಊರಿರುವ ಪಾವಗಡದ ಬರದ ಸೀಮೆಯಲ್ಲಿ ಹಳ್ಳ ಎಷ್ಟು ವರ್ಷಕ್ಕೊಮ್ಮೆ ತುಂಬುತ್ತದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ನನಗೆ ಈ ಕಥೆ ಮೊದಲಿನಿಂದಲೂ ಅಳತೆಗೆ ಸರಿಹೋಗಿರಲಿಲ್ಲ. ನಾನು ಸಿರಾದಲ್ಲಿ ಐವತ್ತು ವರ್ಷ ಬಟ್ಟೆ ಹೊಲಿದವನು. ಶಾಲೆ ಮೂರನೆಯ ತರಗತಿಗೇ ಮುಗಿಯಿತು. ಉಳಿದದ್ದನ್ನು ಗ್ರಂಥಾಲಯದ ಬೆಂಚಿನ ಮೇಲೆ ಕಲಿತೆ. ತಂಗಿ ಒಂದನೆಯ ತರಗತಿಗೆ ಸೇರಿದಾಗ ಅಣ್ಣನಿಗೆ ಒಂಬತ್ತು ವರ್ಷ ಎಂಬುದನ್ನು ಎಲ್ಲ ಭಾಷಣಕಾರರೂ ಒಪ್ಪುತ್ತಾರೆ. ಒಂಬತ್ತು ವರ್ಷದ ಹುಡುಗನ ಭುಜ ಹನ್ನೆರಡು ಇಂಚಿನ ಆಸುಪಾಸು. ಆ ಹನ್ನೆರಡು ಇಂಚಿನ ಮೇಲೆ ದಿನವೂ ಬೆಳೆಯುತ್ತಿರುವ ಒಂದು ಮಗು ಏಳು ವರ್ಷ ಕುಳಿತಿತ್ತು ಎಂಬುದನ್ನು ನಂಬಲು ನನ್ನ ಕಸುಬು ಬಿಡಲಿಲ್ಲ.

ನೇಪಾಳಕ್ಕೆ ಹೋಗುವಾಗ ಇದನ್ನೆಲ್ಲ ಪರೀಕ್ಷಿಸುವ ಉದ್ದೇಶ ನನಗಿರಲಿಲ್ಲ. ನಾಲ್ಕು ತಾಲ್ಲೂಕುಗಳ ಬೌದ್ಧ ಕುಟುಂಬಗಳು ಸೇರಿ ಲುಂಬಿನಿಗೆ ಹೊರಟಿದ್ದವು. ಬುದ್ಧ ಹುಟ್ಟಿದ ನೆಲವನ್ನು ಪುಸ್ತಕದಲ್ಲಿ ಓದಿದ್ದು ಸಾಕು, ಕಣ್ಣಾರೆ ನೋಡಿ ಬರೋಣವೆಂದು ನಾನೂ ಹೊರಟೆ. ಓಬಳಪ್ಪ ಮತ್ತು ಅವರ ತಂಗಿ ಸುಜಾತಮ್ಮ ಇಬ್ಬರೂ ಅದೇ ತಂಡದಲ್ಲಿದ್ದಾರೆಂಬುದು ತಿಳಿದದ್ದು ರೈಲು ಹತ್ತಿದ ಮೇಲೆಯೇ.

ಗೋರಖಪುರದ ರೈಲು

ತಂಡದ ಮುಂದಾಳು ಕೊರಟಗೆರೆಯ ಗಿರೀಶ್ ಮೇಷ್ಟ್ರು. ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಹೇಳುವ, ಉತ್ಸಾಹವುಳ್ಳ, ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರೇ ಸುಳ್ಳನ್ನು ಹೆಚ್ಚು ದೂರ ಒಯ್ಯುತ್ತಾರೆ, ಏಕೆಂದರೆ ಅವರ ಮಾತನ್ನು ಜನ ನಂಬುತ್ತಾರೆ. ರೈಲು ತುಂಗಭದ್ರೆ ದಾಟುವ ಹೊತ್ತಿಗೆ ಅವರು ಆ ಕಥೆಯನ್ನು ನಮ್ಮ ಡಬ್ಬಿಯಲ್ಲಿದ್ದ ಒಂದು ಬಿಹಾರಿ ಕುಟುಂಬಕ್ಕೆ ಹಿಂದಿಯಲ್ಲಿ ಹೇಳಿ ಮುಗಿಸಿದ್ದರು. ಹಿಂದಿಯಲ್ಲಿ ಮೆಟ್ಟಿಲು ಐನೂರಾದವು.

ಓಬಳಪ್ಪ ಎದುರಿನ ಸೀಟಿನಲ್ಲಿ ಮೀಸೆ ತಿರುವುತ್ತ ಕುಳಿತಿದ್ದರು. ಅರವತ್ತೈದು ದಾಟಿದ, ಒಣಗಿದ ಶೇಂಗಾಬಳ್ಳಿಯಂಥ ಆಳು. ಎಲ್ಲೆಡೆ ಹೊದಿಸಿದ ಸನ್ಮಾನದ ಶಾಲುಗಳಲ್ಲಿ ಒಂದನ್ನು ಪ್ರಯಾಣಕ್ಕೆಂದೇ ತಂದಿದ್ದರು. ಕಿಟಕಿಯ ಬಳಿ ಸುಜಾತಮ್ಮ. ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ಎಡಗಾಲಿಗೆ ತೊಡೆಯಿಂದ ಹಿಮ್ಮಡಿಯವರೆಗೆ ಕಬ್ಬಿಣದ ಕಡ್ಡಿಗಳ ಕ್ಯಾಲಿಪರ್, ಪಕ್ಕದಲ್ಲಿ ಒಂದು ಊರುಗೋಲು. ಅಣ್ಣನ ಗುಣಗಾನ ನಡೆಯುವಾಗ ಆಕೆ ಹೊರಗಿನ ಜೋಳದ ಹೊಲಗಳನ್ನು ಇನ್ನಿಲ್ಲದ ಶ್ರದ್ಧೆಯಿಂದ ನೋಡುತ್ತಿದ್ದರು. ಆ ಶ್ರದ್ಧೆಯೇ ನನಗೆ ಅನುಮಾನ ಹುಟ್ಟಿಸಿತು.

“ವಿಕಲಚೇತನರು ಅನ್ನಬೇಕಾ, ವಿಶೇಷಚೇತನರು ಅನ್ನಬೇಕಾ ಮೇಡಂ, ಯಾವುದು ಸರಿ?” ಎಂದು ಗಿರೀಶ್ ಮೇಷ್ಟ್ರು ವಿನಯದಿಂದ ಕೇಳಿದರು.

“ಯಾವುದಾದ್ರೂ ಅನ್ನಿ ಸಾರ್. ಯಾವುದಂದ್ರೂ ಒಂದ್ ಮೆಟ್ಟಿಲೂ ಕಮ್ಮಿ ಆಗಲ್ಲ,” ಎಂದರು ಸುಜಾತಮ್ಮ.

ಮರುದಿನ ಬೆಳಿಗ್ಗೆ ಉಳಿದವರು ಇನ್ನೂ ಮಲಗಿದ್ದಾಗ ಆಕೆ ನನ್ನೊಡನೆ ಮನಸ್ಸು ಬಿಚ್ಚಿ ಮಾತಾಡಿದರು. ಅವರ ಊರು ಪಾವಗಡ ತಾಲ್ಲೂಕಿನ ಬೂದಿಬಂಡೆಹಳ್ಳಿ. ಅಲ್ಲಿನ ಶಾಲೆಗೆ ಈಗ ಮೇಲೊಂದು ಅಂತಸ್ತು ಕಟ್ಟಿದ್ದಾರೆ. ಮೂರು, ನಾಲ್ಕನೆಯ ತರಗತಿಗಳು ಮೇಲಕ್ಕೆ ಹೋಗಿವೆ. ಮೂರನೆಯ ತರಗತಿಯಲ್ಲಿ ಪಲ್ಲವಿ ಎಂಬ ಒಂಬತ್ತು ವರ್ಷದ ಹುಡುಗಿ ಇದ್ದಾಳೆ. ಹುಟ್ಟಿನಿಂದಲೇ ಕೈಕಾಲುಗಳು ಬಿಗಿದಿರುವುದರಿಂದ ಗಾಲಿಕುರ್ಚಿಯಲ್ಲಿ ಬರುತ್ತಾಳೆ. ಏಳನೆಯ ತರಗತಿಯ ಮಕ್ಕಳು ಅವಳನ್ನು ಬೆಳಿಗ್ಗೆ ಎತ್ತಿ ಮೇಲೊಯ್ಯುತ್ತಾರೆ, ಸಂಜೆ ಕೆಳಗಿಳಿಸುತ್ತಾರೆ.

“ಒಳ್ಳೆಯ ಮಕ್ಕಳಲ್ಲವೇ?” ಎಂದೆ.

“ಮಕ್ಕಳು ಒಳ್ಳೇವೇ ಟೈಲರಣ್ಣ. ಆದ್ರೆ ಸಾಯಂಕಾಲ ಅವಳ ನೀರಿನ ಬಾಟ್ಲಿ ನೋಡ್ತೀನಿ, ತಂದಂಗೇ ಇರ್ತದೆ. ಕುಡುದ್ರೆ ಬಚ್ಚಲಿಗೆ ಹೋಗ್ಬೇಕು. ಹೋಗ್ಬೇಕಂದ್ರೆ ನಾಕ್ ಜನಾನ ಕರೀಬೇಕು. ಹೆಣ್ ಮಗು. ಕರೀತಾಳಾ? ಬಿಸ್ಲು ನಮ್ ಕಡೆ ಹೆಂಗಿರ್ತದೆ ನಿಮಗ್ ಗೊತ್ತು. ಈಗ ವಾರಕ್ಕೆ ಮೂರು ದಿನ ಬರ್ತಾಳೆ. ಇನ್ನೊಂದ್ ತಿಂಗಳು ಹೋದ್ರೆ ಬರೋದೇ ಬಿಡ್ತಾಳೆ.”

ತರಗತಿಯನ್ನು ಕೆಳಕ್ಕೆ ತನ್ನಿ ಎಂದು ಸುಜಾತಮ್ಮ ಶಾಲೆಯ ಸಮಿತಿಗೆ ಎರಡು ಸಲ ಅರ್ಜಿ ಕೊಟ್ಟಿದ್ದಾರೆ. ಕೆಳಗೆ ಬಿಸಿಯೂಟದ ಅಕ್ಕಿ ಮೂಟೆಗಳಿವೆ, ಹಳೆಯ ಬೀರುಗಳಿವೆ, ಜಾಗವಿಲ್ಲ ಎಂದು ಉತ್ತರ ಬಂದಿದೆ. ಉತ್ತರದ ಕೊನೆಯಲ್ಲಿ ಸಮಿತಿಯ ಅಧ್ಯಕ್ಷರು ಹೇಳಿದ ಮಾತು ಹೀಗಿತ್ತು: “ನಿಮ್ಮಣ್ಣ ನಿಮ್ಮನ್ನ ಏಳು ವರ್ಷ ಹೊತ್ತಿಲ್ವಾ ಟೀಚರಮ್ಮ? ನಮ್ಮೂರಿನ ಸಂಸ್ಕಾರ ಅದು. ಈಗಿನ ಮಕ್ಕಳೂ ಹೊರ್ತಾರೆ ಬಿಡಿ.”

ಅಲ್ಲಿಯವರೆಗೆ ಆ ಕಥೆ ನನಗೆ ಸರಿಹೊಂದದ ಒಂದು ಅಂಗಿಯಷ್ಟೇ ಆಗಿತ್ತು. ಅದು ಒಂದು ಮಗುವಿನ ಬಾಟಲಿಯ ಮುಚ್ಚಳ ಬಿಗಿದಿರುವುದು ಆಗ ತಿಳಿಯಿತು. ತಿಂಗಳ ಕೊನೆಯಲ್ಲಿ ಸಮಿತಿ ಮತ್ತೆ ಸೇರುತ್ತದೆ, ಅದೇ ಕೊನೆಯ ಅವಕಾಶ ಎಂದರು ಸುಜಾತಮ್ಮ.

“ಅಣ್ಣ ನಿಮ್ಮನ್ನು ನಿಜವಾಗಿ ಹೊತ್ತಿದ್ದು ಎಷ್ಟು ದಿನ?” ಎಂದು ನೇರವಾಗಿ ಕೇಳಿದೆ.

ಆಕೆ ಮೇಲಿನ ಬರ್ತಿನಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ಓಬಳಪ್ಪನವರತ್ತ ನೋಡಿ, “ಅವ್ನೇ ಹೇಳ್ಬೇಕು,” ಎಂದಷ್ಟೇ ಹೇಳಿ ಚಹಾ ಮಾರುವವನನ್ನು ಕರೆದರು.

ಸೋನೌಲಿ ಗಡಿ

ವಿದೇಶ ಎಂಬುದರ ಬಗ್ಗೆ ನಮ್ಮ ತಂಡದಲ್ಲಿ ದೊಡ್ಡ ನಿರೀಕ್ಷೆಗಳಿದ್ದವು. ಕೊಡಿಗೇನಹಳ್ಳಿಯ ಕೆಂಪಮ್ಮ ಅದಕ್ಕಾಗಿ ಹೊಸ ಸೀರೆಯುಟ್ಟು, ಐದು ಸೇರು ರಾಗಿಹಿಟ್ಟಿನ ಚೀಲವನ್ನು ಎದೆಗವಚಿಕೊಂಡು ಬಸ್ಸಿನಿಂದಿಳಿದರು. ಎದುರಿಗೆ ಒಂದು ದೊಡ್ಡ ಕಮಾನು, ಅದರಡಿಯಲ್ಲಿ ಸೈಕಲ್ಲು, ಲಾರಿ, ತರಕಾರಿಯ ಗಾಡಿ, ಶಾಲೆಯ ಮಕ್ಕಳು ಎಲ್ಲರೂ ಅತ್ತಿಂದಿತ್ತ ಓಡಾಡುತ್ತಿದ್ದರು. ಕೆಂಪಮ್ಮ ದಾಟಿ ನಿಂತು, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ನೋಡಿದರು.

“ಇಷ್ಟೇನಾ ಫಾರಿನ್ನು? ನಮ್ಮೂರಿಂದ ಹಿಂದೂಪುರಕ್ಕೆ ಹೋದಂಗಾಯ್ತಲ್ಲ!”

ಮಾತು ಸರಿಯಾಗಿಯೇ ಇತ್ತು. ಸಿರಾದಿಂದ ಪಾವಗಡಕ್ಕೆ ಹೋಗುವ ನಮ್ಮ ಬಸ್ಸು ನಡುವೆ ಆಂಧ್ರದೊಳಗೆ ನುಸುಳಿ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಅಂಗಡಿಯ ಬೋರ್ಡಿನ ಅಕ್ಷರ ಬದಲಾದಾಗಲೇ ಗಡಿ ದಾಟಿದ್ದು ತಿಳಿಯಬೇಕು. ಇಲ್ಲಿ ಬದಲಾದದ್ದು ಗಡಿಯಾರ. ನೇಪಾಳದ ಗಂಟೆ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದು. ಎಲ್ಲರೂ ಮುಳ್ಳು ತಿರುಗಿಸಿಕೊಂಡರು, ಓಬಳಪ್ಪ ಮಾತ್ರ ಒಪ್ಪಲಿಲ್ಲ. “ಹದ್ನೈದು ನಿಮಿಷಕ್ಕೋಸ್ಕರ ಗಡಿಯಾರ ಕೆಡಿಸ್ಕೊಳ್ಳೋನಲ್ಲ ನಾನು. ಪಾವಗಡದ ಟೈಮು ಬುದ್ಧನಿಗೂ ಸಾಕು,” ಎಂದರು. ಮುಂದೆ ಮೂರು ದಿನವೂ ಅವರು ಪ್ರತಿಯೊಂದು ಊಟಕ್ಕೂ ಕಾಲು ಗಂಟೆ ತಡವಾಗಿ ಬಂದು ಸಾರು ತಣ್ಣಗಿದೆಯೆಂದು ಜಗಳವಾಡಿದರು.

ಗಡಿಯ ಪೊಲೀಸಿನವನು ಸುಜಾತಮ್ಮನ ಊರುಗೋಲು ನೋಡಿ, ಸಾಲು ಬಿಟ್ಟು ಮುಂದೆ ಬನ್ನಿ ಎಂದು ಕೈ ಮಾಡಿದ. ಜೊತೆಯಲ್ಲಿ ಯಾರಾದರೂ ಸಹಾಯಕರಿದ್ದರೆ ಅವರೂ ಬರಬಹುದು ಎಂದ. ಮರುಕ್ಷಣವೇ ನಮ್ಮ ಇಪ್ಪತ್ತೊಂದು ಮಂದಿಯೂ ಸುಜಾತಮ್ಮನ ಸಹಾಯಕರಾದರು. ಕೆಂಪಮ್ಮ ಅವರ ಚೀಲ ಹಿಡಿದರು, ಗಿರೀಶ್ ಮೇಷ್ಟ್ರು ನೀರಿನ ಬಾಟಲಿ ಹಿಡಿದರು, ಮಧುಗಿರಿಯ ದಂಪತಿಗಳು ಸೆರಗಿನ ಒಂದೊಂದು ತುದಿ ಹಿಡಿದರೆಂದು ತೋರುತ್ತದೆ. ಪೊಲೀಸಿನವನು ನಗು ತಡೆಯಲಾರದೆ ಎಲ್ಲರನ್ನೂ ಬಿಟ್ಟ.

“ನೋಡಿ ಟೈಲರಣ್ಣ,” ಎಂದರು ಸುಜಾತಮ್ಮ, “ಯಾರು ಯಾರನ್ನ ಹೊತ್ಕೊಂಡು ಬಂದ್ರು ಅಂತ ನೀವೇ ಬರ್ಕೊಳ್ಳಿ.”

ಲುಂಬಿನಿ, ಮೊದಲ ದಿನ

ನಾವು ಇಳಿದುಕೊಂಡ ಅತಿಥಿಗೃಹದ ಬಾಗಿಲಲ್ಲಿ ಮೆಟ್ಟಿಲುಗಳ ಪಕ್ಕಕ್ಕೆ ಇಳಿಜಾರಿನ ದಾರಿಯೂ ಇತ್ತು. ಹೊರದೇಶದಲ್ಲಿ ಕಾಲಿಲ್ಲದವರಿಗೆ ಎಲ್ಲ ಅನುಕೂಲವೂ ಇರುತ್ತದೆ, ನಮ್ಮವರೇ ದಂಡ ಎಂದು ಗಿರೀಶ್ ಮೇಷ್ಟ್ರು ಆಗಲೇ ಆರಂಭಿಸಿದ್ದರು. ನಾನು ಜೇಬಿನಿಂದ ಅಳತೆಯ ಟೇಪು ತೆಗೆದೆ. ಎತ್ತರ ಒಂದೂವರೆ ಅಡಿ, ಉದ್ದ ಹದಿನೆಂಟು ಅಡಿ. ಒಂದಡಿ ಏರಲು ಹನ್ನೆರಡಡಿ ಹಾದಿ, ಶಾಸ್ತ್ರಬದ್ಧವಾದ ಲೆಕ್ಕ. ನಮ್ಮ ಕಡೆಯ ಒಂದು ಕಚೇರಿಯಲ್ಲಿ ಎರಡಡಿ ಎತ್ತರಕ್ಕೆ ನಾಲ್ಕಡಿ ಇಳಿಜಾರು ಕಟ್ಟಿರುವುದನ್ನು ಅಳೆದಿದ್ದೇನೆ. ಅದನ್ನು ಮಕ್ಕಳು ಜಾರುಬಂಡೆ ಮಾಡಿಕೊಂಡಿದ್ದಾರೆ.

ಆದರೆ ಲುಂಬಿನಿಯ ಆ ಶಾಸ್ತ್ರಬದ್ಧ ಇಳಿಜಾರಿನ ಮೇಲೆ ಹದಿನಾಲ್ಕು ಚೆಂಡುಹೂವಿನ ಕುಂಡಗಳನ್ನು ಚೆಂದವಾಗಿ ಜೋಡಿಸಿಟ್ಟಿದ್ದರು.

“ಫಾರಿನ್ನಲ್ಲೂ ನಮ್ಮೋರೇ ಅವ್ರೆ ಕಣಮ್ಮ,” ಎಂದು ಕೆಂಪಮ್ಮ ಸೆರಗು ಸಿಕ್ಕಿಸಿಕೊಂಡು ಕುಂಡಗಳನ್ನು ಎತ್ತಿಡತೊಡಗಿದರು. ಒಳಗಿನಿಂದ ಮನೆಯ ಯಜಮಾನಿ ಓಡಿಬಂದಳು. ಎಲ್ಲರೂ ಆಕೆಯನ್ನು ದೀದಿ ಎನ್ನುತ್ತಿದ್ದರು. ಆ ಊರಿನಲ್ಲಿ ಹೆಸರಿಗಿಂತ ಮೊದಲು ನಂಟು ಹೇಳುತ್ತಾರೆ, ನಮ್ಮ ಹಾಗೆಯೇ. ಸಿರಾದ ಪೇಟೆಯಲ್ಲಿ ಕಲಿತ ಉರ್ದುವೇ ನನ್ನ ಹಿಂದಿ. ಅದರಲ್ಲಿ ವಿಷಯ ವಿವರಿಸಿದೆ. ದೀದಿ ಸುಜಾತಮ್ಮನ ಕಾಲು ನೋಡಿ, ತನ್ನ ಕುಂಡಗಳನ್ನು ನೋಡಿ, ನಾಲಿಗೆ ಕಚ್ಚಿಕೊಂಡಳು. ಬಳಿಕ ತಾನೂ ಎತ್ತತೊಡಗಿದಳು. ಹತ್ತು ನಿಮಿಷದಲ್ಲಿ ಹೂವು ಮೆಟ್ಟಿಲಿನ ಮೇಲೆ ಕುಳಿತಿತ್ತು, ದಾರಿ ತೆರೆದಿತ್ತು.

ರಾತ್ರಿಯ ಅಡುಗೆಗೆ ಕೆಂಪಮ್ಮ ತನ್ನ ಚೀಲ ಬಿಚ್ಚಿದರು. ಈ ಜನ ಮುದ್ದೆ ಕಂಡಿರಲಾರರು ಎಂಬ ಹೆಮ್ಮೆ ಅವರ ಮುಖದಲ್ಲಿತ್ತು. ದೀದಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, “ಕೋದೋ!” ಎಂದು ಕೂಗಿ, ಒಲೆಯ ಮೇಲೆ ಕುದಿಯುತ್ತಿದ್ದ ನೀರಿಗೆ ಸುರಿದು, ಮರದ ಸೌಟಿನಿಂದ ತೊಳಸತೊಡಗಿದಳು. ಅವರಲ್ಲಿ ರಾಗಿಗೆ ಕೋದೋ, ಮುದ್ದೆಗೆ ಢಿಡೋ ಎಂದು ಹೆಸರು. ಕೆಂಪಮ್ಮನಿಗೆ ಅರ್ಧ ಸಂತೋಷ, ಅರ್ಧ ನಿರಾಶೆ. “ನಾನು ಇಲ್ಲೀಗಂಟ ಹೊತ್ಕಂಡ್ ಬಂದಿದ್ದು ದಂಡವಾಗ್ಬುಡ್ತಲ್ಲ,” ಎಂದು ಮೂರು ಸಲ ಹೇಳಿದರು. ಆದರೂ ಅವಳು ಗಂಟು ಕಟ್ಟಿಸಿದ್ದಾಳೆ, ಉಂಡೆ ಮಾಡಲು ಬರುವುದಿಲ್ಲ ಎಂಬುದನ್ನು ಪತ್ತೆಮಾಡಿದ ಮೇಲೆ ಸಮಾಧಾನವಾಗಿ ಉಂಡರು.

ಲುಂಬಿನಿ, ಎರಡನೆಯ ದಿನ

ಮಾಯಾದೇವಿ ಗುಡಿಯ ಆವರಣಕ್ಕೆ ಪಾದರಕ್ಷೆ ಬಿಟ್ಟು ಹೋಗಬೇಕು. ಒಳಗೆ ಹಳೆಯ ಇಟ್ಟಿಗೆಯ ಅಡಿಪಾಯಗಳು, ಅವುಗಳ ಸುತ್ತ ನಡೆಯಲು ಹಲಗೆಯ ಹಾದಿ, ನಡುವೆ ಬುದ್ಧ ಹುಟ್ಟಿದ ಜಾಗವೆಂದು ಗುರುತಿಸಿದ ಕಲ್ಲು. ಎಲ್ಲರೂ ಚಪ್ಪಲಿ ಬಿಟ್ಟೆವು. ಸುಜಾತಮ್ಮ ಬಾಗಿಲಲ್ಲೇ ನಿಂತರು.

ಕ್ಯಾಲಿಪರ್ ಕಂಡವರಿಗೆ ಇದು ಗೊತ್ತಿರುತ್ತದೆ, ಕಾಣದವರಿಗೆ ಹೇಳಬೇಕು: ಅದರ ಕಡ್ಡಿಗಳು ಬೂಟಿನೊಳಕ್ಕೇ ಕೂಡಿರುತ್ತವೆ. ಬೂಟು ಬಿಚ್ಚಿದರೆ ಕ್ಯಾಲಿಪರೂ ಬಿಚ್ಚಿದ ಹಾಗೆ. ಬಿಚ್ಚಿದರೆ ಆ ಕಾಲು ನಿಲ್ಲುವುದಿಲ್ಲ. ಕಾವಲುಗಾರ ಒಳ್ಳೆಯವನು. ಗಾಲಿಕುರ್ಚಿ ತರಿಸಲೇ ಎಂದು ಕೇಳಿದ. ಸುಜಾತಮ್ಮ ಕೈ ಮುಗಿದು, “ಬಾಗಿಲ ತನಕ ಆಗ್ಲಿ. ಆ ಕಲ್ಲಿನ ಹತ್ರ ಮಾತ್ರ ನಿಂತ್ಕೊಂಡೇ ನೋಡ್ಬೇಕು ನಾನು,” ಎಂದರು. ಅದನ್ನು ನಾನು ಅನುವಾದಿಸಿ ಮುಗಿಸುವ ಮೊದಲೇ ಗಿರೀಶ್ ಮೇಷ್ಟ್ರು ಮುಂದೆ ಬಂದರು.

“ಅದಕ್ಕೇನ್ ಯೋಚನೆ! ಓಬಳಪ್ಪನವರೇ ಇದ್ದಾರಲ್ಲ. ಐವತ್ತು ವರ್ಷದ ಮೇಲೆ ಮತ್ತೆ ಅಣ್ಣನ ಹೆಗಲ ಮೇಲೆ ತಂಗಿ, ಅದೂ ಬುದ್ಧನ ಸನ್ನಿಧಿಗೆ! ಎಲ್ಲಾ ಸರೀರಿ, ನಾನು ವಿಡಿಯೊ ಮಾಡ್ತೀನಿ.”

“ಬೇಡ ಸಾರ್,” ಎಂದರು ಸುಜಾತಮ್ಮ.

“ಊರ್ಕೋ ಚೆಲ್ಲೆಮ್ಮಾ, ನಾನಿಲ್ವಾ,” ಎಂದು ಪಾವಗಡದ ತೆಲುಗು ಬೆರೆಸಿ ತಂಗಿಯನ್ನು ಸುಮ್ಮನಿರಿಸಿ, ಓಬಳಪ್ಪ ಶಾಲನ್ನು ಸೊಂಟಕ್ಕೆ ಬಿಗಿದು ಆಕೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಆಕೆ ಹತ್ತಲಿಲ್ಲ. ಹತ್ತುವ ಅಗತ್ಯವೂ ಬೀಳಲಿಲ್ಲ. ತಂಗಿಯ ಕೈಗಳನ್ನು ಹಿಂದಕ್ಕೆ ಹುಡುಕುತ್ತ ಅವರು ಅರ್ಧ ಎದ್ದರು, ಅರ್ಧದಲ್ಲೇ ನಿಂತರು. “ಅಯ್ಯೋ ದೇವುಡಾ,” ಎಂದರು. ಸೊಂಟ ಹಿಡಿದುಕೊಂಡಿತ್ತು. ಮೇಲಕ್ಕೂ ಬರಲಾರದೆ ಕೆಳಕ್ಕೂ ಹೋಗಲಾರದೆ, ಶೇಂಗಾ ಕೀಳುವವರ ಭಂಗಿಯಲ್ಲಿ ಅವರು ಜಗತ್ತಿನ ನಾನಾ ದೇಶಗಳ ಯಾತ್ರಿಕರ ನಡುವೆ ನಿಂತಿದ್ದರು. ಗಿರೀಶ್ ಮೇಷ್ಟ್ರು ವಿಡಿಯೊ ನಿಲ್ಲಿಸಲು ಮರೆತಿದ್ದರು.

ಕೆಂಪಮ್ಮನೂ ನಾನೂ ಅವರನ್ನು ಹಾಗೆಯೇ ಮಡಿಸಿದಂತೆ ಎತ್ತಿ ಕಟ್ಟೆಯ ಮೇಲೆ ಇರಿಸಿದೆವು.

“ಏನಣ್ಣಾ ಇದು, ಏಳು ವರ್ಷ ಹೊತ್ತೋನಿಗೆ ಏಳು ಹೆಜ್ಜೆ ಆಗ್ಲಿಲ್ವಾ?” ಎಂದರು ಕೆಂಪಮ್ಮ.

ಸುಜಾತಮ್ಮನಿಗೆ ನಗು ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಅಣ್ಣನ ಪಕ್ಕದಲ್ಲೇ ಕುಳಿತು, ಊರುಗೋಲಿನ ಮೇಲೆ ಹಣೆಯಿಟ್ಟು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಏಳು ವರ್ಷ ಎಲ್ಲೀದು ಕೆಂಪಕ್ಕಾ! ಮೂರು ದಿನ. ಮೂರ್ನೇ ದಿನ ಜಾಲಿ ಮುಳ್ಳಲ್ಲಿ ಬೀಳಿಸ್ದ,” ಎಂದು ಮೊಳಕೈ ತಿರುಗಿಸಿ ಹಳೆಯ ಗಾಯದ ಗುರುತು ತೋರಿಸಿದರು.

“ಬೀಳಿಸ್ಲಿಲ್ಲ. ನೀನೇ ಅಲ್ಲಾಡಿದ್ದು,” ಎಂದರು ಓಬಳಪ್ಪ ಸೊಂಟ ಹಿಡಿದುಕೊಂಡೇ.

ಹೀಗೆ, ಐವತ್ತು ವರ್ಷಗಳ ಕಥೆ ಒಂದು ಕ್ಷಣದಲ್ಲಿ ಮೂರು ದಿನಕ್ಕಿಳಿಯಿತು. ಗಿರೀಶ್ ಮೇಷ್ಟ್ರ ಮುಖ ಸಣ್ಣಗಾಯಿತು. ನನಗೆ ಆಗ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಕಲ್ಲು ನೋಡುವುದು ಇನ್ನೂ ಬಾಕಿಯಿತ್ತು.

ಅದಕ್ಕೆ ದಾರಿ ಹೇಳಿದವರು ಸುಜಾತಮ್ಮನೇ. “ನಾಗಲಮಡಿಕೆ ಗುಡೀಲಿ ಬೂಟಿನ ಮೇಲೆ ದಿಂಬಿನ ಚೀಲ ಕಟ್ಕೊಂಡು ಒಳಗೆ ಹೋಗಿದ್ದೆ. ಧೂಳು ಒಳಕ್ಕೆ ಹೋಗ್ಬಾರ್ದು, ಅಷ್ಟೇ ತಾನೇ ಅವರಿಗೂ? ಟೈಲರಣ್ಣ, ಸೂಜಿ ದಾರ ಐತಾ?”

ದರ್ಜಿಯನ್ನು ಕೇಳುವ ಪ್ರಶ್ನೆಯೇ ಅದು? ನನ್ನ ಹೊಸ ಬಿಳಿಯ ಟವೆಲ್ಲನ್ನು ಎರಡಾಗಿ ಹರಿದೆ. ಬೂಟಿಗೆ ಗವುಸು ಹೊಲಿಯುವುದು ನನ್ನ ಬಾಳಿನಲ್ಲಿ ಅದೇ ಮೊದಲು. ಮೊದಲನೆಯದು ಬಿಗಿಯಾಗಿ ಹಿಮ್ಮಡಿಯ ಹತ್ತಿರ ಬಿರಿಯಿತು. “ಐವತ್ತು ವರ್ಷದ ಸರ್ವಿಸ್ಸಾ ಇದು?” ಎಂದು ಕಟ್ಟೆಯ ಮೇಲೆ ಮಲಗಿದ್ದ ಓಬಳಪ್ಪ ಕೇಳಿದರು. ಎರಡನೆಯದು ಬರಾಬರ್ ಕೂತಿತು. ಕಾವಲುಗಾರ ಮೊದಲು ಆಗದೆಂದು ತಲೆಯಾಡಿಸಿದ, ಆಮೇಲೆ ತನ್ನ ಮೇಲಧಿಕಾರಿಯನ್ನು ಕರೆತಂದ. ಆತ ಬಗ್ಗಿ ಬಟ್ಟೆಯನ್ನು ಮುಟ್ಟಿ ನೋಡಿ, ಊರುಗೋಲಿನ ತುದಿಗೂ ಒಂದು ಹೊಲಿಯಿರಿ ಎಂದ. ಹೊಲಿದೆ. ಬಾಗಿಲವರೆಗೆ ಗಾಲಿಕುರ್ಚಿಯಲ್ಲಿ ಹೋದ ಸುಜಾತಮ್ಮ ಅಲ್ಲಿ ಎದ್ದು, ಹಲಗೆಯ ಮೇಲೆ ಬಿಳಿಯ ಕಾಲು, ಬಿಳಿಯ ಕೋಲು ಊರುತ್ತ ಸದ್ದಿಲ್ಲದೆ ನಡೆದರು. ಕಲ್ಲಿನ ಮುಂದೆ ನಿಂತರು. ನಾವೆಲ್ಲ ಹಿಂದೆ ಕಾದೆವು. ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಹೊತ್ತೂ ಅವರು ನಿಂತರು.

ಹೊರಗೆ ಬಂದ ಮೇಲೆ ಉಳಿದ ಕಥೆಯೂ ಬಂತು. ಅಣ್ಣ ಬೀಳಿಸಿದ ಮರುದಿನ ಮಗು ಶಾಲೆಗೆ ಹೋಗಲಿಲ್ಲ. ಶಾಲೆ ಆಗ ಬೆಟ್ಟದ ಮೇಲಿನ ಹಳೆಯ ಕೋಟೆಯ ಕಾವಲು ಮನೆಯಲ್ಲಿತ್ತು. ಸಿರಾ ಕಡೆಯಿಂದ ಬಂದ ರಜಾಕ್ ಮೇಷ್ಟ್ರು ಮಗುವನ್ನು ಹುಡುಕಿಕೊಂಡು ಮನೆಗೆ ಬಂದರು, ಮೊಳಕೈ ನೋಡಿ ಹೋದರು. ಅದರ ಮರುದಿನ ಒಂದನೆಯ ತರಗತಿಯ ಮಕ್ಕಳನ್ನೆಲ್ಲ ಸಾಲಾಗಿ ಕೆಳಗಿಳಿಸಿ ತಂದು, ಅವರ ಕೇರಿಯ ಪಕ್ಕದ ಹಳೆಯ ಚಾವಡಿಯಲ್ಲಿ ಕೂರಿಸಿ ಪಾಠ ಆರಂಭಿಸಿದರು. ಊರಿನ ಕೆಲವರಿಗೆ ತಮ್ಮ ಮಕ್ಕಳು ಆ ಚಾವಡಿಯಲ್ಲಿ ಕೂರುವುದು ಹಿಡಿಸಲಿಲ್ಲ. ಅವರ ಕಾರಣಗಳು ಬೇರೆ, ಬಲ್ಲವರು ಬಲ್ಲರು. ಮೇಷ್ಟ್ರು ಕೇಳಲಿಲ್ಲ.

“ನಾನು ಎರಡ್ನೇ ಕ್ಲಾಸಿಗೆ ಬಂದ್ಮೇಲೆ ಎರಡ್ನೇ ಕ್ಲಾಸೂ ಇಳೀತು,” ಎಂದರು ಸುಜಾತಮ್ಮ. “ನಾನು ಪಾಸಾದಂಗೆಲ್ಲ ವರ್ಷಕ್ಕೊಂದು ಕ್ಲಾಸು ಬೆಟ್ಟ ಇಳೀತು. ಕೊನೆಗೆ ಮೇಲೆ ಉಳಿದಿದ್ದು ಗಂಟೆ ಒಂದೇ. ಅದನ್ನೂ ತಂದ್ರು.”

“ಇಷ್ಟು ವರ್ಷ ನೀವು ಯಾಕೆ ಹೇಳಲಿಲ್ಲ?” ಎಂದೆ.

ಆಕೆ ಊರುಗೋಲಿನ ಬಿಳಿಯ ಗವುಸು ಕಳಚಿ ಮಡಿಸಿದರು. “ನನ್ನ ಟೀಚರ್ ಟ್ರೈನಿಂಗ್ ಅರ್ಜಿ ಹಿಡ್ಕೊಂಡು ಮಧುಗಿರಿಗೆ ಹನ್ನೊಂದು ಸಲ ತಿರುಗಿದೋನು ಇವ್ನೇ ಟೈಲರಣ್ಣ. ಹೊಲದ ಕೆಲಸ ಬಿಟ್ಟು ತಿರುಗ್ದ. ಅದಕ್ಕೆ ಯಾರೂ ಶಾಲು ಹೊದಿಸ್ಲಿಲ್ಲ. ಹೊರದೇ ಇದ್ದಿದ್ದಕ್ಕೆ ಹೊದಿಸಿದ್ರು. ಹೋಗ್ಲಿ, ಲೆಕ್ಕ ಸರಿಹೋಯ್ತು ಅಂದ್ಕೊಂಡೆ. ಈಗ ಪಲ್ಲವಿ ವಿಷ್ಯ ಬಂದ್ಮೇಲೆ ಸುಮ್ನಿರಕ್ಕಾಗಲ್ಲ.” ಬಳಿಕ ಅಣ್ಣನತ್ತ ತಿರುಗಿದರು. “ಮೀಟಿಂಗಲ್ಲಿ ನೀನೇ ಹೇಳ್ಬೇಕು ಅಣ್ಣಾ.”

“ಊರಲ್ಲಿ ಮಖ ಎತ್ಕೊಂಡು ಹೆಂಗ್ ತಿರುಗ್ಲಿ ಚೆಲ್ಲೆಮ್ಮಾ?”

“ಈಗ್ಲೂ ನಿನ್ ಮಖ ಕೆಳಗೇ ಐತಲ್ಲ, ಸೊಂಟ ನೆಟ್ಟಗಾಗೋ ತನಕ,” ಎಂದರು ಕೆಂಪಮ್ಮ.

ಓಬಳಪ್ಪ ಊರು ಮುಟ್ಟುವವರೆಗೆ ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಗಡಿಯ ಕಮಾನು ದಾಟಿದಾಗ ಮಾತ್ರ ತಮ್ಮ ಗಡಿಯಾರ ನೋಡಿ, “ಈಗ ಎಲ್ಲಾರ್ದೂ ಸರಿಯಾಯ್ತು ನೋಡಿ,” ಎಂದರು.

ಬೂದಿಬಂಡೆಹಳ್ಳಿ

ಸಮಿತಿಯ ಸಭೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಆದರೂ ಹೋದೆ. ಸಭೆಗೆ ಮುಂಚೆ ಬೆಟ್ಟ ಹತ್ತಿ ಮೆಟ್ಟಿಲು ಎಣಿಸಿದೆ: ನಲವತ್ತಾರು. ಹಳ್ಳ ಇಲ್ಲ. ಕಾವಲು ಮನೆಯೊಳಗೆ ಈಗ ಮೇಕೆಗಳು ಮಲಗುತ್ತವೆ.

ಸಭೆ ಕೆಳಗಿನ ಕೊಠಡಿಯಲ್ಲಿ, ಅಕ್ಕಿ ಮೂಟೆಗಳ ನಡುವೆ. ಸುಜಾತಮ್ಮ ಅರ್ಜಿ ಓದಿದರು. ಅಧ್ಯಕ್ಷರು ಅದೇ ಹಳೆಯ ಉತ್ತರಕ್ಕೆ ಗಂಟಲು ಸರಿಪಡಿಸಿಕೊಳ್ಳುವಾಗ ಓಬಳಪ್ಪ ಎದ್ದು ನಿಂತರು. ಕೈಯಲ್ಲಿ ಮಡಿಸಿದ ಶಾಲು.

“ಏಳು ವರ್ಷ ಅಂತೀರಿ, ಅದು ಸುಳ್ಳು. ಮೂರು ದಿನ ಹೊತ್ತಿದ್ದೆ. ಬೀಳಿಸ್ದೆ. ಆಮೇಲೆ ಇಸ್ಕೂಲೇ ಕೆಳಗಡೆ ಬಂತು. ಇದು ನಂದಲ್ಲ, ತಗಳ್ಳಿ,” ಎಂದು ಶಾಲನ್ನು ಮೇಜಿನ ಮೇಲಿಟ್ಟರು.

ಅಧ್ಯಕ್ಷರು ಎದ್ದು, ಕಣ್ಣೊರೆಸಿಕೊಂಡು, ಚಪ್ಪಾಳೆ ತಟ್ಟಿದರು.

“ನೋಡಿದ್ರೇನ್ರಪ್ಪಾ, ದೊಡ್ಡೋರ ಗುಣ! ಮಾಡಿದ್ದನ್ನ ಮಾಡ್ಲಿಲ್ಲ ಅಂತಾರೆ. ಲುಂಬಿನಿಗೆ ಹೋಗಿ ಬಂದ್ಮೇಲೆ ಅಹಂಕಾರ ಅಂಗೇ ಕರಗೋಗದೆ,” ಎಂದು ಅದೇ ಶಾಲನ್ನು ಬಿಚ್ಚಿ ಓಬಳಪ್ಪನವರಿಗೇ ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಓಬಳಪ್ಪ ಶಾಲಿನೊಳಗಿಂದ, “ಲೇ, ನಿಜ ಕಣ್ರಲಾ! ನಿಜವಾಗ್ಲೂ ಬೀಳಿಸ್ದೆ!” ಎಂದು ಕೂಗುತ್ತಲೇ ಇದ್ದರು. ಕೂಗಿದಷ್ಟೂ ಚಪ್ಪಾಳೆ ಜೋರಾಯಿತು. ನಿಜ ಹೇಳುವವನನ್ನು ಸುಮ್ಮನಾಗಿಸಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಯಾವ ದೇಶದಲ್ಲೂ ಕಂಡಿಲ್ಲ.

“ಬಾಯಿ ಮಾತು ಬಿಡಿ,” ಎಂದೆ ನಾನು. “ಶಾಲೆ ಬೆಟ್ಟದಿಂದ ಇಳಿದಿದೆ ಎಂದಮೇಲೆ ಯಾರಾದರೂ ಎಲ್ಲಾದರೂ ಬರೆದಿರಬೇಕು. ಅನುಮತಿಯಿಲ್ಲದೆ ಒಂದು ಕುರ್ಚಿ ಸರಿಸಿದರೂ ಬರೆಯುವ ಇಲಾಖೆಯಿದು.”

ಮುಖ್ಯೋಪಾಧ್ಯಾಯಿನಿ ಊರಿಗೆ ಹೊಸಬರು. ಕಥೆಯನ್ನು ಹೇಳಿ ಹೇಳಿ ರೂಢಿಯಾದವರಲ್ಲ. ಅವರು ಎದ್ದು, ಅಕ್ಕಿ ಮೂಟೆಗಳ ಹಿಂದಿನ ಹಸಿರು ಬೀರುವಿನ ಬೀಗ ತೆಗೆದರು. ಸುಜಾತಮ್ಮ ಶಾಲೆಗೆ ಸೇರಿದ ಕಾಲದ ತಪಾಸಣಾ ಪುಸ್ತಕ ಕೆಳಗಿನ ಅರೆಯಲ್ಲಿತ್ತು. ರಟ್ಟಿನ ಒಂದು ಮೂಲೆಯನ್ನು ಇಲಿ ತಿಂದಿತ್ತು. ಅವರೇ ನಿಂತು ಗಟ್ಟಿಯಾಗಿ ಓದಿದರು.

ಇನ್ಸ್‌ಪೆಕ್ಟರರ ಬರಹ: “ಒಂದನೆಯ ತರಗತಿಯನ್ನು ಇಲಾಖೆಯ ಅನುಮತಿ ಪಡೆಯದೆ ಗ್ರಾಮದ ಚಾವಡಿಯಲ್ಲಿ ನಡೆಸಲಾಗುತ್ತಿದೆ. ಗ್ರಾಮಸ್ಥರಿಂದ ಆಕ್ಷೇಪಣೆ ಬಂದಿರುತ್ತದೆ. ಸದರಿ ಉಪಾಧ್ಯಾಯರು ಕಾರಣ ತಿಳಿಸತಕ್ಕದ್ದು.”

ಅದರ ಕೆಳಗೆ ಬೇರೆ ಶಾಯಿಯಲ್ಲಿ, ದುಂಡಗಿನ ಅಕ್ಷರಗಳಲ್ಲಿ ರಜಾಕ್ ಮೇಷ್ಟ್ರ ಉತ್ತರ: “ಒಂದನೆಯ ತರಗತಿಯ ಸುಜಾತ ಎಂಬ ಮಗುವು ಬೆಟ್ಟ ಹತ್ತಲಾರದು. ಶಾಲೆಯು ಇಳಿಯಬಲ್ಲದು.”

ಅದರ ಕೆಳಗೆ ಮತ್ತೆ ಇನ್ಸ್‌ಪೆಕ್ಟರರದೇ ಕೈ: “ನೋಡಿದೆ. ಹಾಗೆಯೇ ನಡೆಯಲಿ.” ಒಂದು ಸಹಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧ್ಯಕ್ಷರು ಪುಸ್ತಕ ಇಸಿದುಕೊಂಡು ತಾವೇ ಒಮ್ಮೆ ಓದಿದರು, ಸುಜಾತಮ್ಮನನ್ನು ನೋಡಿದರು, ಮೂಟೆಗಳನ್ನು ನೋಡಿದರು. “ಇವನ್ನ ಎಲ್ಲಿ ಇಡಾನ ಟೀಚರಮ್ಮ?”

“ಮೇಲೆ. ಹೊರೋಕೆ ಊರಿಗೆ ಅಷ್ಟು ಆಸೆ ಇದ್ರೆ ಅಕ್ಕಿ ಹೊರ್ಲಿ. ಅದಕ್ಕೆ ಬಾಯಾರಲ್ಲ.”

ಮೊದಲ ಮೂಟೆಗೆ ಓಬಳಪ್ಪನವರೇ ಕೈ ಹಾಕಲು ಹೋದರು. ನಾಲ್ಕು ಜನ ಸೇರಿ ಅವರನ್ನು ಹಿಡಿದು ಕೂರಿಸಿದರು.

ಮರುದಿನ ಸೋಮವಾರ ಮೂರನೆಯ ತರಗತಿ ಕೆಳಗೆ ನಡೆಯಿತು. ಸಂಜೆ ಸುಜಾತಮ್ಮ ಫೋನು ಮಾಡಿ, ಪಲ್ಲವಿ ತನ್ನ ಬಾಟಲಿ ಮುಗಿಸಿ ಪಕ್ಕದವಳ ಬಾಟಲಿಯನ್ನೂ ಅರ್ಧ ಕುಡಿದಳು, ಅದಕ್ಕೆ ಇಬ್ಬರಿಗೂ ಜಗಳವಾಯಿತು ಎಂದು ತಿಳಿಸಿದರು.

ಇಷ್ಟನ್ನೂ ನಾನು ಹೇಳಿದೆನೆಂದು ಯಾರೂ ನಂಬಬೇಕಾಗಿಲ್ಲ. ಪುಸ್ತಕ ಅಲ್ಲಿಯೇ ಇದೆ. ಹಸಿರು ಬೀರು ಮಾತ್ರ ಈಗ ಅಕ್ಕಿ ಮೂಟೆಗಳ ಜೊತೆ ಮಹಡಿಯ ಮೇಲಕ್ಕೆ ಹೋಗಿದೆ. ಮೆಟ್ಟಿಲು ಇಪ್ಪತ್ತೊಂದು, ನಾನೇ ಎಣಿಸಿದ್ದೇನೆ. ಶಾಲೆಯ ವೇಳೆಯಲ್ಲಿ ಹೋಗಿ ಕೇಳಿದರೆ ಮುಖ್ಯೋಪಾಧ್ಯಾಯಿನಿ ತೆಗೆದು ತೋರಿಸುತ್ತಾರೆ. ಹತ್ತಲಾಗದವರು ಕೆಳಗೇ ಕುಳಿತು ಹೇಳಿಕಳಿಸಲಿ. ಪುಸ್ತಕವನ್ನೇ ಇಳಿಸಿ ತಂದುಕೊಡುತ್ತಾರೆ.